ರೈಲಿಗೆ ಕಾದು ನಿಂತವರು

(ಚಿತ್ರಾಸಕ್ತರ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟೂ ಹಾಗೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಈಗ ತಾನೇ ಎರಡು ತುಣುಕು ನೋಡಿದಿರಿ. ಮೊದಲನೆಯದು 1952ರ ‘ಹೈ ನೂನ್’ ಚಿತ್ರದ್ದು. ಬಟಾಬಯಲಿನಲ್ಲಿ ಒಂದು ರೈಲು ನಿಲ್ದಾಣ. ಮಧ್ಯಾಹ್ನದ ಗಾಡಿಯಲ್ಲಿ ಬರಲಿರುವ ತಮ್ಮ ಮುಖಂಡನಿಗಾಗಿ ಮೂವರು ಕಾಯುತ್ತಿದ್ದಾರೆ. ಎರಡನೆಯದು ಇಟಲಿಯ ಸರ್ಜಿಯೊ ಲಿಯೋನೆ ನಿರ್ದೇಶಿಸಿದ 1968ರ ‘ಒನ್ಸ್ ಅಪಾನ್ ಎ ಟೈಮ್ ಇನ್ ದಿ ವೆಸ್ಟ್’. ಅಲ್ಲೂ ನಿಲ್ದಾಣ, ಅಲ್ಲೂ ಮೂವರು, ಅಲ್ಲೂ ಕಾಯುವುದೇ ಕೆಲಸ. ಒಬ್ಬನ ಬೋಳುತಲೆಯ ಮೇಲೆ ನೀರು ತೊಟ್ಟಿಕ್ಕುತ್ತದೆ. ಅವನು ಜಾಗ ಬಿಟ್ಟು ಸರಿಯುವುದಿಲ್ಲ. ಹ್ಯಾಟು ಹಾಕಿಕೊಂಡು ಅಲ್ಲೇ ನಿಲ್ಲುತ್ತಾನೆ, ಕೊನೆಗೆ ಹ್ಯಾಟಿನ ಅಂಚಿನಲ್ಲಿ ಕೂಡಿದ ನೀರನ್ನೇ ಕುಡಿಯುತ್ತಾನೆ. ಇನ್ನೊಬ್ಬನ ಮುಖದ ಮೇಲೆ ನೊಣ ಹರಿದಾಡುತ್ತದೆ. ಅದನ್ನು ಪಿಸ್ತೂಲಿನ ನಳಿಗೆಯೊಳಗೆ ಹಿಡಿದು, ಕಿವಿಗೆ ಆನಿಸಿ ಅದರ ಸದ್ದು ಕೇಳುತ್ತಾನೆ. ಮೂರನೆಯವನು ಬೆರಳ ನೆಟಿಗೆ ಮುರಿಯುತ್ತಾ ಕೂತಿದ್ದಾನೆ.

ತುಣುಕು ಹಾಕುವ ಮುಂಚೆ ಈ ಆರು ಮಂದಿಯ ಹೆಸರು ಹೇಳಿದಾಗ ಹೆಚ್ಚು ಕೈ ಮೇಲೇಳಲಿಲ್ಲ. ಲೀ ವ್ಯಾನ್ ಕ್ಲೀಫ್, ರಾಬರ್ಟ್ ವಿಲ್ಕಿ, ಶೆಬ್ ವೂಲಿ. ಆಮೇಲೆ ಜ್ಯಾಕ್ ಎಲಮ್, ವುಡಿ ಸ್ಟ್ರೋಡ್, ಆಲ್ ಮುಲಾಕ್. ಆದರೆ ಪರದೆಯ ಮೇಲೆ ಮುಖ ಬಂದ ಕೂಡಲೇ ಹಿಂದಿನ ಸಾಲಿನಿಂದ ‘ಓ, ಇವನಾ!’ ಎಂಬ ದನಿ ಕೇಳಿತು. ಎಂ.ಜಿ. ರಸ್ತೆಯ ಪ್ಲಾಜಾದಲ್ಲೋ ಬ್ರಿಗೇಡ್ ರಸ್ತೆಯ ರೆಕ್ಸ್‌ನಲ್ಲೋ ಕೌಬಾಯ್ ಚಿತ್ರ ನೋಡಿ ಬೆಳೆದವರ ದನಿ ಅದು ಅಂತ ನನ್ನ ಊಹೆ. ಹೆಸರು ಗೊತ್ತಿಲ್ಲ, ಮುಖ ಮರೆತಿಲ್ಲ. ಇವತ್ತಿನ ಮಾತು ಆ ಮುಖಗಳ ಬಗ್ಗೆ.

ಇಂಥವರನ್ನು ನಾವು ಪೋಷಕ ನಟರು ಅನ್ನುತ್ತೇವೆ. ಎಷ್ಟು ಒಳ್ಳೆಯ ಮಾತು ನೋಡಿ! ಪೋಷಕ ಎಂದರೆ ಪೋಷಿಸುವವನು, ಸಾಕುವವನು. ಚಿತ್ರವನ್ನು ಇವರು ಸಾಕಿದ್ದು ಯಾವುದರಿಂದ? ಬಣ್ಣ ಹಚ್ಚುವ ಮುಂಚೆ ಬದುಕಿದ ಬದುಕಿನಿಂದ ಎಂದು ನನಗೆ ಅನಿಸುತ್ತದೆ. ಬಿದ್ದ ಹಲ್ಲು, ಕುರುಡಾದ ಕಣ್ಣು, ಕುದುರೆಯ ಮೇಲೆ ಕೂತು ಕೂತು ಬಂದ ನಡಿಗೆ, ಎಲ್ಲವನ್ನೂ ಕ್ಯಾಮೆರಾ ತೆಗೆದುಕೊಂಡಿತು. ಕೆಲವರ ಮೈಬಣ್ಣವನ್ನೂ ತೆಗೆದುಕೊಂಡು, ಅದರ ಮೇಲೆಯೇ ಅವರಿಗೆ ಎಷ್ಟು ಬಾಗಿಲು ತೆರೆಯಬೇಕು ಎಂದು ತೀರ್ಮಾನಿಸಿತು. ಆ ಮಾತಿಗೆ ಆಮೇಲೆ ಬರುತ್ತೇನೆ.

ಹಾಲಿವುಡ್‌ನಲ್ಲಿ ಸನ್‌ಸೆಟ್ ಬುಲೆವಾರ್ಡ್ ಮತ್ತು ಗೋವರ್ ಸ್ಟ್ರೀಟ್ ಕೂಡುವ ಮೂಲೆಗೆ ‘ಗೋವರ್ ಗಲ್ಚ್’ ಎಂಬ ಅಡ್ಡಹೆಸರಿತ್ತು. ಗಲ್ಚ್ ಎಂದರೆ ಕೊರಕಲು. ಸುತ್ತಮುತ್ತ ಕಡಿಮೆ ಬಂಡವಾಳದ ಸ್ಟುಡಿಯೋಗಳು. ಒಂದೆರಡು ವಾರದಲ್ಲಿ ಒಂದು ಕೌಬಾಯ್ ಚಿತ್ರ ಮುಗಿಸುವ ಕಾಲ ಅದು. ದನ ಕಾಯುವ ಕೆಲಸ ಕಡಿಮೆಯಾಗಿ ಊರು ಬಿಟ್ಟು ಬಂದ ನಿಜವಾದ ಕೌಬಾಯ್‌ಗಳು ಬೂಟು, ಹ್ಯಾಟು ಹಾಕಿಕೊಂಡು ಆ ಮೂಲೆಯಲ್ಲಿ ನಿಲ್ಲುತ್ತಿದ್ದರು, ಇವತ್ತು ಯಾರಾದರೂ ಕರೆಯುತ್ತಾರೇನೋ ಎಂದು. ನಮ್ಮ ಊರುಗಳ ಸರ್ಕಲ್‌ನಲ್ಲಿ ಬೆಳಿಗ್ಗೆ ಗಾರೆ ಕೆಲಸದವರು ನಿಲ್ಲುವುದಿಲ್ಲವೇ, ಹಾಗೆ. ಕುದುರೆಯಿಂದ ಬಿದ್ದರೆ ಒಂದು ದರ, ಬರೀ ಗುಂಪಿನಲ್ಲಿ ಸವಾರಿ ಮಾಡಿದರೆ ಇನ್ನೊಂದು ದರ.

ವಾಲ್ಟರ್ ಬ್ರೆನನ್ ಕೌಬಾಯ್ ಅಲ್ಲ. ಪೂರ್ವ ಕರಾವಳಿಯ ಮ್ಯಾಸಚೂಸೆಟ್ಸ್‌ನಲ್ಲಿ 1894ರಲ್ಲಿ ಹುಟ್ಟಿದವರು, ಮೊದಲ ಮಹಾಯುದ್ಧದಲ್ಲಿ ಫ್ರಾನ್ಸ್‌ಗೆ ಹೋಗಿ ಬಂದವರು. ಚಿತ್ರರಂಗಕ್ಕೆ ಎಕ್ಸ್‌ಟ್ರಾ, ಅಂದರೆ ಗುಂಪಿನಲ್ಲಿ ನಿಲ್ಲುವ ಸಣ್ಣ ನಟ, ಆಗಿಯೇ ಸೇರಿದರು. 1930ರ ದಶಕದ ಆರಂಭದಲ್ಲಿ ಚಿತ್ರೀಕರಣದ ಅಪಘಾತವೊಂದರಲ್ಲಿ ಹಲ್ಲುಗಳು ಹೋದವು. ಬೇರೆಯವರಾಗಿದ್ದರೆ ನಟನೆ ಅಲ್ಲಿಗೇ ಮುಗಿಯುತ್ತಿತ್ತೇನೋ. ಬ್ರೆನನ್ ಕಟ್ಟುಹಲ್ಲು ಹಾಕಿಸಿಕೊಂಡರು, ಬೇಕಾದಾಗ ತೆಗೆದರು, ಬೇಕಾದಾಗ ಹಾಕಿದರು. ಹಲ್ಲು ತೆಗೆದರೆ ನಲವತ್ತರ ಮನುಷ್ಯ ಎಪ್ಪತ್ತರ ಮುದುಕ. ನಿರ್ದೇಶಕ ಹೋವರ್ಡ್ ಹಾಕ್ಸ್ ಒಂದು ಪ್ರಸಂಗ ಹೇಳುತ್ತಿದ್ದರು. ಪಾತ್ರ ಕೇಳಿಕೊಂಡು ಬಂದ ಬ್ರೆನನ್ ಮೊದಲು ಕೇಳಿದ್ದು ಒಂದೇ ಪ್ರಶ್ನೆಯಂತೆ: ‘ಇದ್ದು ಬೇಕೋ, ಇಲ್ಲದೆ ಬೇಕೋ?’ ಏನು ಎಂದರೆ, ‘ಹಲ್ಲು!’

ಪೋಷಕ ನಟರಿಗೆ ಆಸ್ಕರ್ ಕೊಡುವ ಪದ್ಧತಿ ಶುರುವಾದದ್ದೇ 1936ರ ಚಿತ್ರಗಳಿಂದ. ಮೊದಲ ಪ್ರಶಸ್ತಿ ಬ್ರೆನನ್‌ಗೆ. 1938ರ ಚಿತ್ರಕ್ಕೆ ಮತ್ತೆ ಅವರಿಗೇ. 1940ರ ‘ದಿ ವೆಸ್ಟರ್ನರ್’ಗೆ ಮೂರನೆಯ ಸಲ. ಅದರಲ್ಲಿ ಅವರು ಜಡ್ಜ್ ರಾಯ್ ಬೀನ್. ತನ್ನ ಹೆಂಡದಂಗಡಿಯಲ್ಲೇ ನ್ಯಾಯಾಲಯ ನಡೆಸುವ, ಗಲ್ಲಿಗೆ ಹಾಕಲು ಹಿಂದೆಮುಂದೆ ನೋಡದ, ಕಂಡಿರದ ಒಬ್ಬ ನಟಿಯ ಹೆಸರು ಕೇಳಿದರೆ ಮಗುವಿನಂತಾಗುವ ಮನುಷ್ಯ. ನಾಯಕ ಗ್ಯಾರಿ ಕೂಪರ್ ಪಕ್ಕದಲ್ಲೇ ಇದ್ದರೂ ಕಣ್ಣು ಇವರ ಮೇಲೆಯೇ ಹೋಗುತ್ತದೆ. ಆ ಕಾಲದಲ್ಲಿ ಕೆಲವು ವರ್ಷ ಎಕ್ಸ್‌ಟ್ರಾಗಳಿಗೂ ಆಸ್ಕರ್ ಮತದ ಹಕ್ಕಿತ್ತು, ತಮ್ಮಲ್ಲೊಬ್ಬನಾಗಿದ್ದವನಿಗೆ ಅವರು ಮತ ಹಾಕಿದರು ಎಂಬ ಮಾತಿದೆ. ಹಾಕಿರಲಿ ಬಿಡಿ, ಅದರಲ್ಲಿ ತಪ್ಪೇನು? ಪಾತ್ರ ಮಾಡಿ ತೋರಿಸಿದ್ದು ಬ್ರೆನನ್ ತಾನೇ.

1948ರ ‘ರೆಡ್ ರಿವರ್’ನಲ್ಲಿ ಹಾಕ್ಸ್ ಆ ಹಲ್ಲನ್ನೇ ಕಥೆಯೊಳಕ್ಕೆ ತಂದರು. ಅಡುಗೆ ಗಾಡಿಯ ಮುದುಕ ಗ್ರೂಟ್ ಇಸ್ಪೀಟಿನಲ್ಲಿ ತನ್ನ ಹಲ್ಲಿನ ಸೆಟ್ಟನ್ನೇ ಪಣಕ್ಕಿಟ್ಟು ಸೋಲುತ್ತಾನೆ. ಗೆದ್ದವನು ಕ್ವೋ ಎಂಬ ಮೂಲನಿವಾಸಿ. ಊಟದ ಹೊತ್ತಿಗೆ ಮಾತ್ರ ಹಲ್ಲು ವಾಪಸು. ಸಾವಿರಾರು ದನ ಹೊಡೆದುಕೊಂಡು ಹೋಗುವ ಆ ಗಂಭೀರ ಕಥೆಯ ನಡುವೆ ಇಬ್ಬರ ಈ ಜಗಳ ಓಡುತ್ತಲೇ ಇರುತ್ತದೆ. ಕ್ವೋ ಪಾತ್ರ ಮಾಡಿದವರು ಚೀಫ್ ಯೌಲಾಚಿ. ಯಾಕಮಾ ಜನಾಂಗದವರು, ಚಿತ್ರಕ್ಕೆ ಬರುವ ಮುಂಚೆ ಪಾಶ್ಚಾತ್ಯ ಸಂಗೀತದ ವೇದಿಕೆಯಲ್ಲಿ ಹಾಡುತ್ತಿದ್ದವರು. ಅಂಥ ಕಂಠದವರಿಗೆ ಹಾಲಿವುಡ್ ಕೊಟ್ಟದ್ದು ಒಂದೊಂದೇ ಸಾಲಿನ ಮಾತು.

ಜ್ಯಾಕ್ ಎಲಮ್ ಅರಿಜೋನಾದ ಮಯಾಮಿ ಎಂಬ ಗಣಿ ಊರಿನವರು. ಹುಡುಗನಾಗಿದ್ದಾಗ ಜೊತೆಯ ಹುಡುಗನೊಬ್ಬ ಪೆನ್ಸಿಲಿನಿಂದ ಚುಚ್ಚಿ ಎಡಗಣ್ಣಿನ ದೃಷ್ಟಿ ಹೋಯಿತು. ಆ ಕಣ್ಣು ಒಂದು ಕಡೆ ವಾಲಿಕೊಂಡೇ ಉಳಿಯಿತು. ಮುಂದೆ ಹಾಲಿವುಡ್‌ನಲ್ಲಿ ಅವರು ಹಿಡಿದದ್ದು ಲೆಕ್ಕಪತ್ರದ ಕೆಲಸ, ಸ್ಟುಡಿಯೋಗಳ ಜಮಾ ಖರ್ಚು ನೋಡುವ ಅಕೌಂಟೆಂಟ್. ಉಳಿದ ಒಂದು ಕಣ್ಣಿಗೂ ಆಯಾಸ ಹೆಚ್ಚಾಗಿ, ಹೀಗೇ ಅಂಕಿ ನೋಡುತ್ತಾ ಕೂತರೆ ಇದೂ ಹೋಗುತ್ತದೆ ಎಂದರು ವೈದ್ಯರು. ಆಗ ಎಲಮ್ ಒಂದು ಒಪ್ಪಂದ ಮಾಡಿಕೊಂಡರು: ಚಿತ್ರಕ್ಕೆ ಹಣ ಹೊಂದಿಸಿಕೊಡುತ್ತೇನೆ, ನನಗೆ ಖಳನ ಪಾತ್ರ ಕೊಡಿ. ಕೊಟ್ಟರು. ಆ ಕಣ್ಣು ಕಂಡವರು ಮತ್ತೆ ಮತ್ತೆ ಕರೆದರು. ‘ಹೈ ನೂನ್’ನಲ್ಲಿ ಜೈಲಿನಲ್ಲಿ ಮಲಗಿರುವ ಕುಡುಕನೂ ಇವರೇ. ಹದಿನಾರು ವರ್ಷದ ಮೇಲೆ ಲಿಯೋನೆ ಚಿತ್ರದಲ್ಲಿ ನೊಣ ಹಿಡಿದವರೂ ಇವರೇ.

ಲೀ ವ್ಯಾನ್ ಕ್ಲೀಫ್ ಕೂಡ ನೌಕಾಪಡೆಯಿಂದ ಬಂದ ಮೇಲೆ ಲೆಕ್ಕ ಬರೆದವರೇ. ‘ಹೈ ನೂನ್’ ಅವರ ಮೊದಲ ಚಿತ್ರ. ಮೊದಲು ಅವರಿಗೆ ಹೇಳಿದ್ದು ನಾಯಕನ ಸಹಾಯಕನ ಪಾತ್ರ, ದೊಡ್ಡದು. ಆದರೆ ಆ ಗಿಡುಗನ ಮೂಗು ಸರಿ ಮಾಡಿಸಿಕೊಂಡು ಬಾ ಎಂದರು. ಒಪ್ಪಲಿಲ್ಲ. ಹಾಗಾಗಿ ನಿಲ್ದಾಣದ ಮೂವರಲ್ಲಿ ಒಬ್ಬರಾದರು. ಇಡೀ ಚಿತ್ರದಲ್ಲಿ ಒಂದೂ ಮಾತಿಲ್ಲ, ಮೌತ್ ಆರ್ಗನ್ ನುಡಿಸುತ್ತಾರೆ ಅಷ್ಟೇ. ಇವತ್ತು ಆ ಚಿತ್ರ ನೆನಪಾದರೆ ನನ್ನ ಕಣ್ಣೆದುರು ಮೊದಲು ಬರುವುದು ಆ ಮೂಗು. ಮುಂದೆ ಹತ್ತು ವರ್ಷ ನಾಯಕರ ಕೈಯಲ್ಲಿ ಗುಂಡು ತಿಂದು ಸಾಯುವ ಪಾತ್ರಗಳು. 1950ರ ದಶಕದ ಕೊನೆಗೆ ಕಾರು ಅಪಘಾತವಾಗಿ ಮೊಣಕಾಲು ನುಜ್ಜಾಯಿತು, ಇನ್ನು ಕುದುರೆ ಹತ್ತುವುದು ಕನಸು ಎಂದರು. ಕೆಲಸ ಕಡಿಮೆಯಾಗಿ ಬಣ್ಣದ ಚಿತ್ರ ಬಿಡಿಸುತ್ತಾ ಮನೆಯಲ್ಲಿದ್ದಾಗ ಇಟಲಿಯಿಂದ ಸರ್ಜಿಯೊ ಲಿಯೋನೆ ಹುಡುಕಿಕೊಂಡು ಬಂದರು. 1965ರ ‘ಫಾರ್ ಎ ಫ್ಯೂ ಡಾಲರ್ಸ್ ಮೋರ್’ನ ಕರ್ನಲ್ ಮಾರ್ಟಿಮರ್ ಪಾತ್ರ ಅವರ ಬದುಕನ್ನೇ ತಿರುಗಿಸಿತು. ವಯಸ್ಸು ಆಗ ನಲವತ್ತು. ಮರುವರ್ಷ ‘ದಿ ಗುಡ್, ದಿ ಬ್ಯಾಡ್ ಅಂಡ್ ದಿ ಅಗ್ಲಿ’. ಕೊನೆಯ ಸ್ಮಶಾನದ ಕಾದಾಟದಲ್ಲಿ ಪಿಸ್ತೂಲಿನ ಬಳಿ ಸುಳಿಯುವ ಅವರ ಕೈಯನ್ನು ಲಿಯೋನೆ ತೀರ ಹತ್ತಿರದಿಂದ ತೋರಿಸುತ್ತಾರೆ. ಒಂದು ಬೆರಳಿನ ತುದಿ ಇಲ್ಲ. ಬೇರೆ ಯಾರಾದರೂ ಕೈಗವಸು ಹಾಕಿಸುತ್ತಿದ್ದರು.

ಬೆನ್ ಜಾನ್ಸನ್ ಬಗ್ಗೆ ಸ್ವಲ್ಪ ಹೆಚ್ಚು ಹೊತ್ತು ಮಾತಾಡುತ್ತೇನೆ. ಇವರೆಂದರೆ ನನಗೆ ಪ್ರೀತಿ, ಮುಚ್ಚಿಡುವುದಿಲ್ಲ.

ಓಕ್ಲಹೋಮಾದ ಫೋರೇಕರ್ ಎಂಬಲ್ಲಿ 1918ರಲ್ಲಿ ಹುಟ್ಟು. ಅಪ್ಪ ದನ ಸಾಕುವ ದೊಡ್ಡ ರಾಂಚ್ ಒಂದರ ಮೇಸ್ತ್ರಿ, ರೋಡಿಯೋ ಎಂಬ ಕೌಬಾಯ್ ಪಂದ್ಯಗಳಲ್ಲಿ ಹೆಸರಾದವರು. ಮಗನಿಗೂ ಅದೇ ಕೆಲಸ, ದಿನಗೂಲಿ ಒಂದು ಡಾಲರ್. ನಿರ್ಮಾಪಕ ಹೋವರ್ಡ್ ಹ್ಯೂಸ್ ತಮ್ಮ ಚಿತ್ರಕ್ಕೆ ಕುದುರೆ ಕೊಂಡಾಗ, ಅವನ್ನು ಹಾಲಿವುಡ್‌ಗೆ ಮುಟ್ಟಿಸಲು ಜೊತೆಗೆ ಹೋದವರು ಈ ಹುಡುಗ. ಅಲ್ಲಿ ಸಿಕ್ಕ ಮೊದಲ ಚೆಕ್ 300 ಡಾಲರ್. ತಿಂಗಳಿಗೆ ಮೂವತ್ತು ಡಾಲರ್ ಎಣಿಸುತ್ತಿದ್ದವನ ಲೆಕ್ಕದಲ್ಲಿ ಹತ್ತು ತಿಂಗಳ ದುಡಿಮೆ. ಊರಿಗೆ ಮರಳುವ ಮಾತೆಲ್ಲಿ? ಕುದುರೆ ನೋಡಿಕೊಳ್ಳುವವನಾಗಿ, ನಾಯಕರ ಬದಲು ಬೀಳುವ ಸ್ಟಂಟ್‌ಮನ್ ಆಗಿ ಉಳಿದರು.

1948ರ ‘ಫೋರ್ಟ್ ಅಪಾಚಿ’ ಚಿತ್ರೀಕರಣ. ನಿರ್ದೇಶಕ ಜಾನ್ ಫೋರ್ಡ್. ಮೂವರು ಕೂತಿದ್ದ ಬಂಡಿಯ ಕುದುರೆಗಳು ಬೆದರಿ ಕಿತ್ತುಕೊಂಡು ಓಡಿದವು. ಹತ್ತಿರದಲ್ಲಿದ್ದ ಜಾನ್ಸನ್ ತಮ್ಮ ಕುದುರೆ ಓಡಿಸಿ ಬಂಡಿಯನ್ನು ಹಿಡಿದು ನಿಲ್ಲಿಸಿದರು, ಮೂವರೂ ಬದುಕಿಕೊಂಡರು. ಫೋರ್ಡ್ ಮರೆಯಲಿಲ್ಲ. ಬಹುಮಾನವಾಗಿ ಇನ್ನೊಂದು ಸ್ಟಂಟ್ ಕೆಲಸ ಸಿಕ್ಕೀತು ಎಂದುಕೊಂಡಿದ್ದ ಜಾನ್ಸನ್ ಕೈಗೆ ಬಂದದ್ದು ನಟನೆಯ ಕರಾರು, ಏಳು ವರ್ಷಕ್ಕೆ. ಓದುತ್ತಾ ಹೋಗಿ ವಾರಕ್ಕೆ 5000 ಡಾಲರ್ ಎಂದಿದ್ದ ಸಾಲು ಬಂದ ಕೂಡಲೇ, ಮುಂದೆ ಓದದೆ ಸಹಿ ಹಾಕಿದೆ ಎಂದು ಅವರೇ ಹೇಳಿಕೊಳ್ಳುತ್ತಿದ್ದರು.

1949ರ ‘ಷೀ ವೋರ್ ಎ ಯೆಲ್ಲೋ ರಿಬ್ಬನ್’ ನೋಡಿ. ಸಾರ್ಜೆಂಟ್ ಟೈರಿಯಾಗಿ ಮಾನ್ಯುಮೆಂಟ್ ವ್ಯಾಲಿಯ ಕೆಂಪು ಬಂಡೆಗಳ ನಡುವೆ ಜಾನ್ಸನ್ ಒಬ್ಬರೇ ಕುದುರೆ ಓಡಿಸಿಕೊಂಡು ಬರುವ ದೃಶ್ಯ. ಮೈ ಕುಲುಕುವುದಿಲ್ಲ, ಕೈ ಎಳೆಯುವುದಿಲ್ಲ, ಸವಾರ ಮತ್ತು ಕುದುರೆ ಒಂದೇ ಉಸಿರು. ತರಬೇತಿ ಪಡೆದ ನಟ ಎಷ್ಟೇ ಕಲಿತರೂ ಈ ಕೂರುವಿಕೆ ಬರುವುದಿಲ್ಲ. ಮರುವರ್ಷ ‘ರಿಯೋ ಗ್ರಾಂಡೆ’ಯಲ್ಲಿ ಎರಡು ಕುದುರೆಗಳ ಬೆನ್ನ ಮೇಲೆ ಒಂದೊಂದು ಕಾಲಿಟ್ಟು ನಿಂತು ಓಡಿಸುತ್ತಾರೆ. ಬದಲಿ ಮನುಷ್ಯನಿಲ್ಲ.

ಆ ಚಿತ್ರದ ಸಮಯದಲ್ಲೇ ಫೋರ್ಡ್ ಜೊತೆ ಮಾತಿಗೆ ಮಾತು ಬೆಳೆಯಿತು. ಫೋರ್ಡ್ ಬಾಯಿ ಬಿರುಸು, ಎಲ್ಲರೂ ಸಹಿಸಿಕೊಳ್ಳುತ್ತಿದ್ದರು. ಜಾನ್ಸನ್ ಸಹಿಸಲಿಲ್ಲ. ಅದಾದ ಮೇಲೆ 1964ರ ‘ಷಯೆನ್ ಆಟಮ್’ವರೆಗೆ ಫೋರ್ಡ್ ಚಿತ್ರದಲ್ಲಿ ಅವರಿಲ್ಲ. 1953ರಲ್ಲಿ ಜಾನ್ಸನ್ ಚಿತ್ರರಂಗಕ್ಕೆ ಕೈಮುಗಿದು ರೋಡಿಯೋಗೆ ಹೊರಟರು, ಆ ವರ್ಷ ಜೋಡಿಯಾಗಿ ಹಗ್ಗ ಎಸೆದು ಎತ್ತು ಹಿಡಿಯುವ ಪಂದ್ಯದಲ್ಲಿ ವಿಶ್ವ ಚಾಂಪಿಯನ್ ಆದರು. ಖರ್ಚು ಕಳೆದರೆ ಕೈಯಲ್ಲಿ ಉಳಿದದ್ದು ಸವೆದ ಕಾರು, ಸಿಟ್ಟಾದ ಹೆಂಡತಿ. ವಾಪಸು ಬಂದರು.

1971ರ ‘ದಿ ಲಾಸ್ಟ್ ಪಿಕ್ಚರ್ ಷೋ’ಗೆ ನಿರ್ದೇಶಕ ಪೀಟರ್ ಬೊಗ್ಡನೊವಿಚ್ ಕರೆದಾಗ ಜಾನ್ಸನ್ ಆಗುವುದಿಲ್ಲ ಎಂದರು. ಮಾತು ಜಾಸ್ತಿ, ಅದರಲ್ಲೂ ಕೊಳಕು ಮಾತು. ಬೊಗ್ಡನೊವಿಚ್ ಹೋಗಿ ಫೋರ್ಡ್‌ಗೆ ಹೇಳಿದರು, ಫೋರ್ಡ್ ಫೋನ್ ಮಾಡಿದರು. ಮುದುಕನ ಮಾತು ತೆಗೆಯಲಾಗಲಿಲ್ಲ, ಆದರೆ ತಮ್ಮ ಪಾತ್ರದ ಬೈಗುಳ ತೆಗೆಸಿಯೇ ಒಪ್ಪಿದರು. ಟೆಕ್ಸಾಸ್‌ನ ಬಡಕಲು ಊರೊಂದರಲ್ಲಿ ಸಿನಿಮಾ ಟಾಕೀಸು ನಡೆಸುವ ಸ್ಯಾಮ್. ಪರದೆಯ ಮೇಲೆ ಇರುವುದು ಸುಮಾರು ಹತ್ತು ನಿಮಿಷ. ಕೆರೆಯ ಬಳಿ ಕೂತು, ಹಿಂದೆ ಪ್ರೀತಿಸಿದ ಹೆಣ್ಣೊಬ್ಬಳನ್ನು ನೆನೆದು ಮಾತಾಡುತ್ತಾರೆ. ದನಿ ಏರುವುದಿಲ್ಲ, ಕಣ್ಣೊದ್ದೆಯಾಗುವುದಿಲ್ಲ. ಮಾತು ಜಾಸ್ತಿ ಎಂದು ಅಂಜಿದ ಮನುಷ್ಯ ಆ ಮಾತಿಗೇ ಆಸ್ಕರ್ ಪಡೆದರು.

ವಾರ್ಡ್ ಬಾಂಡ್ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ನೆಬ್ರಾಸ್ಕಾದವರು, ಕಾಲೇಜಿನಲ್ಲಿ ಜಾನ್ ವೇನ್ ಜೊತೆ ಫುಟ್‌ಬಾಲ್ ಆಡಿದವರು, ಇನ್ನೂರಕ್ಕೂ ಹೆಚ್ಚು ಚಿತ್ರಗಳು. 1956ರ ‘ದಿ ಸರ್ಚರ್ಸ್’ನಲ್ಲಿ ಒಂದು ಕ್ಷಣವಿದೆ. ಅತ್ತಿಗೆಯಾದವಳು ಒಳಕೋಣೆಯಲ್ಲಿ ಮೈದುನನ ಕೋಟನ್ನು ಸವರುತ್ತಿರುವುದು ಕಾಫಿ ಕುಡಿಯುತ್ತಾ ನಿಂತ ಬಾಂಡ್ ಕಣ್ಣಿಗೆ ಬೀಳುತ್ತದೆ. ಅವರು ಎದುರಿನ ಗೋಡೆ ನೋಡುತ್ತಾ ನಿಲ್ಲುತ್ತಾರೆ, ಕಂಡೂ ಕಾಣದವರ ಹಾಗೆ. ಇಡೀ ಕಥೆಯ ಗುಟ್ಟು ಆ ನೋಟದಲ್ಲಿದೆ. ಇಷ್ಟು ಸೂಕ್ಷ್ಮ ಬಲ್ಲ ಮನುಷ್ಯ ನಿಜಜೀವನದಲ್ಲಿ ಕಮ್ಯುನಿಸ್ಟರೆಂಬ ಗುಮಾನಿಯ ಮೇಲೆ ಸಹೋದ್ಯೋಗಿಗಳ ಅನ್ನ ಕಸಿದ ಗುಂಪಿನ ಮುಂಚೂಣಿಯಲ್ಲಿದ್ದರು. ‘ಹೈ ನೂನ್’ ಬರೆದ ಕಾರ್ಲ್ ಫೋರ್ಮನ್ ಆ ಕಾಟಕ್ಕೆ ದೇಶ ಬಿಟ್ಟು ಇಂಗ್ಲೆಂಡಿಗೆ ಹೋಗಬೇಕಾಯಿತು. ಬಾಂಡ್ ಅವರ ನಟನೆಯನ್ನು ಮೆಚ್ಚುವಾಗಲೂ ನನಗೆ ಇದು ಮರೆಯುವುದಿಲ್ಲ, ಮರೆಯಬಾರದು ಕೂಡ. 1957ರಲ್ಲಿ ಶುರುವಾದ ‘ವ್ಯಾಗನ್ ಟ್ರೇನ್’ ಟಿವಿ ಧಾರಾವಾಹಿ ಅವರನ್ನು ಮನೆಮಾತು ಮಾಡಿತು. 1960ರ ನವೆಂಬರ್‌ನಲ್ಲಿ ಡಲ್ಲಾಸ್‌ನಲ್ಲಿ ಹೃದಯಾಘಾತ. ವಯಸ್ಸು 57.

ಈಗ ನಾನು ಮುಂದಕ್ಕೆ ಹಾಕಿದ್ದ ಮಾತು.

ವುಡಿ ಸ್ಟ್ರೋಡ್. ತಲೆಯ ಮೇಲೆ ನೀರು ತೊಟ್ಟಿಕ್ಕಿಸಿಕೊಂಡವರು. 1914ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಹುಟ್ಟಿದ ಕಪ್ಪು ಜನಾಂಗದವರು, ಯುಸಿಎಲ್‌ಎ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡದಲ್ಲಿ ಕೆನ್ನಿ ವಾಷಿಂಗ್ಟನ್, ಜ್ಯಾಕಿ ರಾಬಿನ್‌ಸನ್ ಜೊತೆ ಆಡಿದವರು. ಅಮೆರಿಕದ ವೃತ್ತಿಪರ ಫುಟ್‌ಬಾಲ್ ಲೀಗ್ ಹನ್ನೆರಡು ವರ್ಷ ಒಬ್ಬನೇ ಒಬ್ಬ ಕಪ್ಪು ಆಟಗಾರನನ್ನು ಸೇರಿಸಿಕೊಂಡಿರಲಿಲ್ಲ. 1946ರಲ್ಲಿ ಆ ಗೋಡೆ ಒಡೆದು ಲಾಸ್ ಏಂಜಲೀಸ್ ರಾಮ್ಸ್ ತಂಡ ಸೇರಿದವರು ವಾಷಿಂಗ್ಟನ್ ಮತ್ತು ಸ್ಟ್ರೋಡ್. ಸ್ಟ್ರೋಡ್‌ಗೆ ಆಗಲೇ 32. ಆಟಗಾರನ ಒಳ್ಳೆಯ ವರ್ಷಗಳನ್ನೆಲ್ಲ ಬಾಗಿಲ ಹೊರಗೇ ಕಳೆದಾಗಿತ್ತು.

ಚಿತ್ರದಲ್ಲೂ ಬಾಗಿಲ ಕಥೆಯೇ. 1960ರ ‘ಸಾರ್ಜೆಂಟ್ ರಟ್ಲೆಜ್’ನಲ್ಲಿ ಫೋರ್ಡ್ ಅವರಿಗೆ ಶೀರ್ಷಿಕೆಯ ಪಾತ್ರವನ್ನೇ ಕೊಟ್ಟರು. ಮಾಡದ ಅಪರಾಧಕ್ಕೆ ವಿಚಾರಣೆ ಎದುರಿಸುವ ಕಪ್ಪು ಸೈನಿಕ. ಸ್ಟ್ರೋಡ್ ಸಾಕ್ಷಿಕಟ್ಟೆಯಲ್ಲಿ ಕೂತು ಎದೆಯೊಳಗಿನದನ್ನು ಹೊರಹಾಕುವ ದೃಶ್ಯ ನೋಡಿ, ಆಮೇಲೆ ತಾರಾಗಣದ ಪಟ್ಟಿ ನೋಡಿ. ಚಿತ್ರದ ಹೆಸರು ಅವರ ಪಾತ್ರದ್ದು, ಪಟ್ಟಿಯಲ್ಲಿ ಅವರ ಸ್ಥಾನ ನಾಲ್ಕನೆಯದು. ಎರಡು ವರ್ಷದ ಮೇಲೆ ‘ದಿ ಮ್ಯಾನ್ ಹು ಶಾಟ್ ಲಿಬರ್ಟಿ ವ್ಯಾಲೆನ್ಸ್’ನಲ್ಲಿ ಪಾಂಪಿ. ವಯಸ್ಕರ ಶಾಲೆಯಲ್ಲಿ ಎದ್ದು ನಿಂತು ಸ್ವಾತಂತ್ರ್ಯ ಘೋಷಣೆ ಒಪ್ಪಿಸುವಾಗ, ಎಲ್ಲ ಮನುಷ್ಯರೂ ಸಮಾನರು ಎಂಬ ಸಾಲೇ ಮರೆತುಹೋಗುತ್ತದೆ. ಆ ಮಾತನ್ನು ಬಹಳ ಜನ ಮರೆಯುತ್ತಾರೆ ಬಿಡು ಎಂದು ಮೇಷ್ಟ್ರು ಸಮಾಧಾನ ಹೇಳುತ್ತಾನೆ. ಹದಿನಾರು ವರ್ಷ ಮುಂಚೆ ಫುಟ್‌ಬಾಲ್‌ನ ಆ ಗೋಡೆ ಒಡೆದ ಮನುಷ್ಯನೇ ಅಲ್ಲಿ ತಲೆ ತಗ್ಗಿಸಿ ನಿಂತಿದ್ದಾನೆ ಎಂದು ಗೊತ್ತಾದ ಮೇಲೆ ನನಗೆ ಆ ದೃಶ್ಯ ಮೊದಲಿನಂತೆ ಕಾಣುವುದಿಲ್ಲ. ಮುಂದೆ ಅವರಿಗೆ ಬೇಕಾದಷ್ಟು ಕೆಲಸ ಸಿಕ್ಕಿದ್ದು ಇಟಲಿಯಲ್ಲಿ.

ಮಾನ್ಯುಮೆಂಟ್ ವ್ಯಾಲಿ ನವಾಹೋ ಎಂಬ ಮೂಲನಿವಾಸಿ ಜನರ ನೆಲ. 1939ರ ‘ಸ್ಟೇಜ್‌ಕೋಚ್’ನಿಂದ ಹಿಡಿದು ಫೋರ್ಡ್ ಚಿತ್ರಗಳಲ್ಲಿ ಕುದುರೆಯೇರಿ ಬರುವವರು ಆ ನವಾಹೋಗಳೇ. ಒಂದು ಚಿತ್ರದಲ್ಲಿ ಅಪಾಚಿ, ಇನ್ನೊಂದರಲ್ಲಿ ಕಮಾಂಚಿ, ಮತ್ತೊಂದರಲ್ಲಿ ಷಯೆನ್. ‘ದಿ ಸರ್ಚರ್ಸ್’ನ ಕಮಾಂಚಿಗಳು ಆಡುವುದು ನವಾಹೋ ಭಾಷೆ. ಅವರ ಮುಖಂಡನ ಪಾತ್ರಕ್ಕೆ ಮಾತ್ರ ಜರ್ಮನಿಯಲ್ಲಿ ಹುಟ್ಟಿದ ಹೆನ್ರಿ ಬ್ರಾಂಡನ್, ನೀಲಿ ಕಣ್ಣಿನವರು.

ಜೇ ಸಿಲ್ವರ್‌ಹೀಲ್ಸ್ ಕೆನಡಾದ ಮೋಹಾಕ್ ಜನಾಂಗದವರು, ಲಕ್ರಾಸ್ ಆಟದಲ್ಲಿ ಹೆಸರು ಮಾಡಿದವರು. 1949ರಿಂದ 1957ರವರೆಗೆ ‘ದಿ ಲೋನ್ ರೇಂಜರ್’ ಧಾರಾವಾಹಿಯಲ್ಲಿ ನಾಯಕನ ಜೊತೆಗಾರ ಟೊಂಟೊ ಆಗಿ ಒಡಕು ಇಂಗ್ಲಿಷ್ ಮಾತಾಡಿದರು. ಆ ಭಾಷೆ ಅವರಿಗೆ ಸಹ್ಯವಿರಲಿಲ್ಲ. 1960ರ ದಶಕದಲ್ಲಿ ಲಾಸ್ ಏಂಜಲೀಸ್‌ನಲ್ಲಿ ಮೂಲನಿವಾಸಿ ನಟರಿಗಾಗಿ ತರಬೇತಿ ಶಾಲೆ ಕಟ್ಟಿದರು. ಟೊಂಟೊ ಪಾತ್ರಕ್ಕಿಂತ ದೊಡ್ಡ ಕೆಲಸ ಅದು ಎನ್ನುವುದು ನನ್ನ ಖಚಿತ ಅಭಿಪ್ರಾಯ.

ಕೇಟಿ ಹುರಾಡೊ ಮೆಕ್ಸಿಕೋದವರು, ಅಲ್ಲಿ ಆಗಲೇ ಹೆಸರಾಂತ ನಟಿ, ಪತ್ರಿಕೆಗೆ ಗೂಳಿಕಾಳಗದ ವರದಿಯನ್ನೂ ಬರೆಯುತ್ತಿದ್ದರು. ಮೊದಲ ಹಾಲಿವುಡ್ ಚಿತ್ರದಲ್ಲಿ ಇಂಗ್ಲಿಷ್ ಬಾರದೆ ಮಾತುಗಳನ್ನು ಸದ್ದು ಹಿಡಿದು ಬಾಯಿಪಾಠ ಮಾಡಿದರು. ‘ಹೈ ನೂನ್’ನ ಹೆಲೆನ್ ರಾಮಿರೆಜ್ ಪಾತ್ರಕ್ಕೆ ಗೋಲ್ಡನ್ ಗ್ಲೋಬ್. ಆ ಚಿತ್ರದ ನಾಯಕಿ ಗ್ರೇಸ್ ಕೆಲ್ಲಿ ನಿಜ, ಆದರೆ ಊರಿನ ಹೇಡಿತನವನ್ನು ಮೊದಲು ಅರಿತು, ಅಂಗಡಿ ಮಾರಿ, ತಲೆಯೆತ್ತಿ ಹೊರಡುವವಳು ಹೆಲೆನ್. 1954ರ ‘ಬ್ರೋಕನ್ ಲ್ಯಾನ್ಸ್’ಗೆ ಆಸ್ಕರ್ ನಾಮನಿರ್ದೇಶನ ಬಂತು. ಲ್ಯಾಟಿನ್ ಅಮೆರಿಕದ ನಟಿಗೆ ಅದೇ ಮೊದಲು. ಅಲ್ಲಿ ಅವರು ಮಾಡಿದ್ದು ಕಮಾಂಚಿ ಹೆಂಗಸಿನ ಪಾತ್ರ!

ದುಡ್ಡಿನ ವಿಷಯ ಒಂದಿಷ್ಟು. 1950ರ ದಶಕದ ಕೊನೆಗೆ ಅಮೆರಿಕದ ಟಿವಿಯಲ್ಲಿ ಸುಮಾರು 30 ಕೌಬಾಯ್ ಧಾರಾವಾಹಿಗಳು ಓಡುತ್ತಿದ್ದವು. ‘ಗನ್‌ಸ್ಮೋಕ್’ ಒಂದೇ 1955ರಿಂದ 1975ರವರೆಗೆ 635 ಕಂತು. ಪೋಷಕ ನಟರ ಒಲೆ ಉರಿದದ್ದು ಇದರಿಂದ. ಈ ವಾರ ದರೋಡೆಕೋರ, ಮುಂದಿನ ವಾರ ಪಾದ್ರಿ. ಅವರ ಹಳೆಯ ಚಿತ್ರಗಳೂ ಟಿವಿಯಲ್ಲಿ ಮತ್ತೆ ಮತ್ತೆ ಬರುತ್ತಿದ್ದವು, ಅದರ ಪಾಲು ಕೊಡಿ ಎಂದು 1960ರ ವಸಂತದಲ್ಲಿ ನಟರ ಸಂಘ ಮುಷ್ಕರ ಹೂಡಿತು. ಪಿಂಚಣಿ ಮತ್ತು ಆರೋಗ್ಯ ನಿಧಿ ಗೆದ್ದುಕೊಂಡರು, ಮುಂದಿನ ಚಿತ್ರಗಳಿಗೆ ಪಾಲೂ ಸಿಕ್ಕಿತು. ಆದರೆ ಹಿಂದಿನವುಗಳ ಪಾಲು ಬಿಟ್ಟುಕೊಡಬೇಕಾಯಿತು. ಇವತ್ತು ನಾನು ಹೇಳಿದ ಚಿತ್ರಗಳಲ್ಲಿ ಅರ್ಧಕ್ಕರ್ಧ ಅದಕ್ಕೆ ಹಿಂದಿನವು.

ಕೊನೆಯದಾಗಿ ಸ್ಲಿಮ್ ಪಿಕನ್ಸ್. ನಿಜವಾದ ಹೆಸರು ಲೂಯಿಸ್ ಲಿಂಡ್ಲಿ. ಮಗ ರೋಡಿಯೋಗೆ ಹೋಗುವುದು ಅಪ್ಪನಿಗೆ ಹಿಡಿಸದು, ಅದಕ್ಕೇ ಸುಳ್ಳು ಹೆಸರು. ‘ನಿನಗೆ ಸಿಗುವುದು ಅಷ್ಟಕ್ಕಷ್ಟೇ’ ಎಂಬ ಅರ್ಥದಲ್ಲಿ ಅಲ್ಲಿದ್ದವರು ಇಂಗ್ಲಿಷಿನಲ್ಲಿ ಆಡಿದ ‘ಸ್ಲಿಮ್ ಪಿಕಿನ್ಸ್’ ಎಂಬ ಮಾತೇ ಆ ಹೆಸರಾಯಿತು. ಅವರ ಕೆಲಸ ರೋಡಿಯೋ ಕ್ಲೌನ್. ಕೋಡಂಗಿ ವೇಷ ಹೌದು, ಆದರೆ ಸವಾರ ಕೆಳಗೆ ಬಿದ್ದಾಗ ಗೂಳಿಯ ಮುಂದೆ ಓಡಿ ಅದನ್ನು ತನ್ನ ಕಡೆ ತಿರುಗಿಸಿಕೊಳ್ಳುವುದು ಅವನ ಹೊಣೆ. ಮೂಳೆ ಎಷ್ಟೋ ಸಲ ಮುರಿದಿದೆ. ಜನರನ್ನು ನಗಿಸುತ್ತಾ ಸಾವಿನ ಎದುರು ನಿಲ್ಲುವುದು ಅವರಿಗೆ ವರ್ಷಗಳ ರೂಢಿ.

ಈಗ ತೋರಿಸುವುದು 1973ರ ‘ಪ್ಯಾಟ್ ಗ್ಯಾರೆಟ್ ಅಂಡ್ ಬಿಲ್ಲಿ ದಿ ಕಿಡ್’ನ ದೃಶ್ಯ. ನಿರ್ದೇಶನ ಸ್ಯಾಮ್ ಪೆಕಿನ್‌ಪಾ. ಪಿಕನ್ಸ್ ವಯಸ್ಸಾದ ಷೆರಿಫ್. ಈ ಸೀಮೆ ಬಿಟ್ಟು ತೇಲಿಕೊಂಡು ಹೋಗಬೇಕೆಂದು ಮನೆಯ ಹತ್ತಿರ ದೋಣಿ ಕಟ್ಟುತ್ತಿದ್ದಾನೆ. ಬಿಲ್ಲಿಯ ಬೆನ್ನು ಹತ್ತಿದ ಗ್ಯಾರೆಟ್ ಕರೆದ ಎಂದು ಒಲ್ಲದ ಮನಸ್ಸಿನಲ್ಲಿ ಗುಂಡಿನ ಕಾಳಗಕ್ಕೆ ಹೋಗುತ್ತಾನೆ. ಕೈಯಲ್ಲಿ ಬಂದೂಕು ಹಿಡಿದು ಜೊತೆಗೆ ಬರುವ ಹೆಂಡತಿ ಕೇಟಿ ಹುರಾಡೊ. ಹೊಟ್ಟೆಗೆ ಗುಂಡು ಬಿದ್ದ ಮೇಲೆ ಅವನು ನದಿಯ ಕಡೆಗೆ ನಡೆಯುತ್ತಾನೆ. ಅವಳು ಹಿಂದೆ ಬರುತ್ತಾಳೆ, ಸ್ವಲ್ಪ ದೂರದಲ್ಲೇ ನಿಲ್ಲುತ್ತಾಳೆ. ಸಂಜೆ ಬೆಳಕು. ಇಬ್ಬರೂ ಮಾತಾಡುವುದಿಲ್ಲ. ಅವನು ನೀರು ನೋಡುತ್ತಾನೆ, ಅವಳು ಅವನನ್ನು ನೋಡುತ್ತಾಳೆ.

ಬಾಗಿಲ ಹತ್ತಿರ ಇರುವವರು ದಯವಿಟ್ಟು ದೀಪ ಆರಿಸಿ.